‘ಆ ಹೊತ್ತಿನಲ್ಲಿ ಅಲ್ಲೇಕಿದ್ದೆ?’: ಲೈಂಗಿಕ ದೌರ್ಜನ್ಯ ಮತ್ತು ದೂಷಣೆಯ ಭಾಷೆ

ಪ್ರಶ್ನಾರ್ಥಕ ರೂಪದಲ್ಲಿರುವ ವಾಕ್ಯಗಳೆಲ್ಲವೂ ಪ್ರಶ್ನೆಗಳಲ್ಲವೆಂಬುದು ಭಾಷೆಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ‘ಊಟವಾಯಿತೇ?’ ಎಂಬುದು ಬಹುಮಟ್ಟಿಗೆ ಕುಶಲೋಪಚಾರದ ಮಾತು, ‘ನಿನಗೆ ಬುದ್ಧಿಯಿದೆಯೇ?’ ಎಂಬುದು ಬೈಗುಳ. ಉತ್ತರವನ್ನು ಬಯಸದ, ಉತ್ತರ ದೊರೆತರೂ ಕಿವಿಗೆ ಹಾಕಿಕೊಳ್ಳದ ಇಂಥ ವಾಕ್ಯಗಳ ಸಾಲಿನಲ್ಲಿ ಒಂದು ವಾಕ್ಯಕ್ಕೆ ಮಾತ್ರ ಅಸಾಧಾರಣವಾದ ಸಾಮಾಜಿಕ ಬಲವಿದೆ. ದೌರ್ಜನ್ಯಕ್ಕೆ ಒಳಗಾಗಿ ಬಂದು ನಿಂತ ಹೆಣ್ಣಿನ ಮುಂದೆ ಮನೆ, ಶಾಲೆ, ಪೊಲೀಸು ಠಾಣೆ, ನ್ಯಾಯಾಲಯ ಎಲ್ಲವೂ ಒಂದೇ ದನಿಯಲ್ಲಿ ಆಡುವ ‘ಆ ಹೊತ್ತಿನಲ್ಲಿ ಅಲ್ಲೇಕಿದ್ದೆ?’ ಎಂಬುದೇ ಆ ವಾಕ್ಯ. ಇದನ್ನು ಕೇವಲ ಮನೋಭಾವವೆಂದು, ಕೆಲವರ ಒರಟುತನವೆಂದು ಕಾಣುವುದು ವಾಡಿಕೆ. ವಾಸ್ತವದಲ್ಲಿ ಅದೊಂದು ಕ್ರಿಯೆ. ರಕ್ಷಣೆಯ ಹೊಣೆಯನ್ನು ಅದನ್ನು ಹೊತ್ತವರ ಹೆಗಲಿನಿಂದ ಇಳಿಸಿ, ರಕ್ಷಣೆ ದೊರೆಯದವಳ ಹೆಗಲಿಗೆ ಏರಿಸುವುದೇ ಅದರ ಕೆಲಸ. ಈ ವರ್ಗಾವಣೆ ಹೇಗೆ ನಡೆಯುತ್ತದೆಂಬುದನ್ನು ವಾರಾಣಸಿಯ ಒಂದು ಪ್ರಸಂಗದಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ವಿರಳ.

2017ರ ಸೆಪ್ಟೆಂಬರ್ 21ರ ಸಂಜೆ, ಕಾಶಿ ಹಿಂದೂ ವಿಶ್ವವಿದ್ಯಾಲಯದ ಆವರಣದೊಳಗೆ, ಭಾರತ ಕಲಾಭವನದ ಸಮೀಪದಲ್ಲಿ, ನಿಲಯಕ್ಕೆ ಮರಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮೇಲೆ ಬೈಕಿನಲ್ಲಿ ಬಂದವರು ಲೈಂಗಿಕ ಆಕ್ರಮಣ ನಡೆಸಿದರು. ಆಕೆ ಕೂಗಿಕೊಂಡರೂ ಹತ್ತಿರದಲ್ಲಿಯೇ ಇದ್ದ ಕಾವಲುಗಾರರು ನೆರವಿಗೆ ಬರಲಿಲ್ಲವೆಂದೂ, ದೂರಿಕೊಂಡಾಗ ಅಷ್ಟು ತಡವಾಗಿ ಹೊರಗೆ ಏಕಿದ್ದೆಯೆಂದು ಆಕೆಯನ್ನೇ ಕೇಳಲಾಯಿತೆಂದೂ ವಿದ್ಯಾರ್ಥಿನಿಯರು ಹೇಳಿದರು. ಆಗಿನ್ನೂ ಗಂಟೆ ಏಳಾಗಿರಲಿಲ್ಲ. ‘ತಡ’ ಎಂಬ ಮಾತು ಗಡಿಯಾರಕ್ಕೆ ಸಂಬಂಧಿಸಿದ್ದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇ ದಾರಿಯಲ್ಲಿ ಅದೇ ವೇಳೆಗೆ ನಡೆದುಹೋಗುತ್ತಿದ್ದ ನೂರಾರು ಹುಡುಗರಿಗೆ ಅದು ಸಂಜೆಯಾಗಿತ್ತು. ಅವಳಿಗೆ ಮಾತ್ರ ಹೊತ್ತಲ್ಲದ ಹೊತ್ತಾಯಿತು.

ಮರುದಿನದಿಂದ ಲಂಕಾ ಬಡಾವಣೆಗೆ ಮುಖ ಮಾಡಿರುವ ಸಿಂಹದ್ವಾರದ ಮುಂದೆ ವಿದ್ಯಾರ್ಥಿನಿಯರು ಧರಣಿ ಕುಳಿತರು. ಬೀದಿದೀಪ, ನಿಗಾ ಕ್ಯಾಮೆರಾ, ತರಬೇತಿ ಪಡೆದ ಕಾವಲುಗಾರರು, ದೂರು ಕೇಳುವ ಸಮರ್ಥ ಸಮಿತಿ—ಅವರ ಬೇಡಿಕೆಗಳು ಇಷ್ಟು ಸಾಧಾರಣವಾಗಿದ್ದವು. ಕುಲಪತಿಗಳು ಬಂದು ಮಾತನಾಡಬೇಕೆಂಬುದು ಅವರ ಪಟ್ಟು. 23ರ ರಾತ್ರಿ ಆವರಣದಲ್ಲಿ ಲಾಠಿಪ್ರಹಾರ ನಡೆಯಿತು. ದಸರೆಯ ರಜೆಯನ್ನು ಮುಂಚಿತವಾಗಿಯೇ ಘೋಷಿಸಲಾಯಿತು. ಸಾವಿರಕ್ಕೂ ಹೆಚ್ಚು ಅನಾಮಧೇಯ ವಿದ್ಯಾರ್ಥಿಗಳ ಮೇಲೆ ಮೊಕದ್ದಮೆ ದಾಖಲಾಯಿತು. ಆಗಿನ ಕುಲಪತಿ ಗಿರೀಶಚಂದ್ರ ತ್ರಿಪಾಠಿಯವರು ನಡೆದುದು ‘ಛೇಡ್‌ಖಾನಿ’ಯಷ್ಟೇ ಎಂಬ ಅರ್ಥದಲ್ಲಿ ಮಾತನಾಡಿದರು, ಪ್ರಧಾನಮಂತ್ರಿಗಳು ತಮ್ಮ ಕ್ಷೇತ್ರಕ್ಕೆ ಭೇಟಿ ನೀಡುವ ಸಮಯ ನೋಡಿ ಹೊರಗಿನವರು ಇದನ್ನು ಎಬ್ಬಿಸಿದರೆಂಬ ವಿವರಣೆಯನ್ನೂ ನೀಡಿದರು. ಮುಖ್ಯ ಪ್ರಾಕ್ಟರ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟ ಬಳಿಕ ಆ ಸ್ಥಾನಕ್ಕೆ ರೋಯನಾ ಸಿಂಗ್ ಬಂದರು. ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ವಿಭಾಗೀಯ ಆಯುಕ್ತರು ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ, ದೂರನ್ನು ಸಂವೇದನೆಯಿಂದ ಪರಿಗಣಿಸದಿದ್ದುದಕ್ಕೆ ವಿಶ್ವವಿದ್ಯಾಲಯದ ಆಡಳಿತವನ್ನೇ ಹೊಣೆಯಾಗಿಸಿದರು.

ಆಕ್ರಮಣಕ್ಕಿಂತಲೂ ಆಕ್ರಮಣದ ನಂತರ ಕೇಳಿದ ಒಂದು ವಾಕ್ಯವೇ ಈ ಪ್ರತಿಭಟನೆಯ ಕಿಡಿಯಾಯಿತೆಂಬುದು ಇಲ್ಲಿ ಗಮನಾರ್ಹ. ಹುಡುಗಿಯರು ಆ ವಾಕ್ಯವನ್ನು ಮೊದಲ ಸಲ ಕೇಳಿದವರೇನೂ ಆಗಿರಲಿಲ್ಲ. ನಿಲಯದ ಬಾಗಿಲು ಹುಡುಗರಿಗಿಂತ ಮೊದಲೇ ಮುಚ್ಚುವ ನಿಯಮದ ರೂಪದಲ್ಲಿ ಅವರು ಅದನ್ನು ಪ್ರತಿದಿನವೂ ಕೇಳುತ್ತಿದ್ದರು.

ಹೊತ್ತನ್ನು ಮುಂದಿಟ್ಟು ಹೆಣ್ಣಿನ ಮಾತನ್ನು ತಳ್ಳಿಹಾಕುವ ರೀತಿ ಹೊಸದಲ್ಲ. ಅದರ ಅತ್ಯಂತ ವಿಸ್ತಾರವಾದ ಚಿತ್ರ ವ್ಯಾಸಭಾರತದ ವಿರಾಟಪರ್ವದಲ್ಲಿದೆ. ಸೈರಂಧ್ರಿಯ ವೇಷದಲ್ಲಿರುವ ದ್ರೌಪದಿ ಕೀಚಕನ ಮನೆಗೆ ತಾನಾಗಿ ಹೋದವಳಲ್ಲ. ಪಾನೀಯ ತರುವ ನೆಪದಿಂದ ರಾಣಿ ಸುದೇಷ್ಣೆ ಅವಳನ್ನು ಕಳಿಸುತ್ತಾಳೆ. ತಪ್ಪಿಸಿಕೊಂಡು ಓಡಿಬಂದವಳನ್ನು ಕೀಚಕ ರಾಜಸಭೆಯಲ್ಲಿ, ರಾಜನ ಕಣ್ಣೆದುರಿನಲ್ಲಿಯೇ ಒದೆಯುತ್ತಾನೆ. ನ್ಯಾಯ ಕೇಳಿದರೆ ವಿರಾಟರಾಜ, ಮರೆಯಲ್ಲಿ ನಿಮ್ಮಿಬ್ಬರ ನಡುವೆ ಏನು ಜಗಳವಿತ್ತೋ ತನಗೆ ತಿಳಿಯದು, ತಿಳಿಯದೆ ತೀರ್ಪು ಹೇಗೆ ಕೊಡಲಿ ಎಂಬ ಧಾಟಿಯಲ್ಲಿ ಜಾರಿಕೊಳ್ಳುತ್ತಾನೆ. ತನ್ನೆದುರೇ ನಡೆದ ಒದೆತಕ್ಕೆ ಮರೆಯ ಸಾಕ್ಷಿ ಬೇಡುವ ಈ ನ್ಯಾಯಬುದ್ಧಿ ಇಂದಿಗೂ ಪರಿಚಿತವೇ. ಕಂಕನ ವೇಷದ ಧರ್ಮರಾಯನ ಮಾತು ಇನ್ನೂ ವಿಚಿತ್ರ. ಆಕೆಗೆ ಕಾಲದ ಅರಿವಿಲ್ಲವೆಂದೂ, ನಟಿಯಂತೆ ಅತ್ತು ಸಭೆಯಲ್ಲಿ ಪಗಡೆಯಾಟಕ್ಕೆ ಅಡ್ಡಿಪಡಿಸುತ್ತಿರುವಳೆಂದೂ ಅವನು ಗದರಿಸುತ್ತಾನೆ. ಅಜ್ಞಾತವಾಸ ಬಯಲಾಗುವ ಭಯ ಅವನಿಗಿತ್ತು, ನಿಜ. ಆದರೆ ಆ ಇಕ್ಕಟ್ಟು ಹೊರಬೀಳುವಾಗ ತಾಳುವ ರೂಪ ಯಾವುದು? ಹೆಣ್ಣಿಗೆ ಹೊತ್ತು ತಿಳಿಯದು, ಅವಳ ಅಳು ನಟನೆ—ಇವೆರಡೇ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೀಚಕ ಸತ್ತಮೇಲೆ ಅವನ ಸಾವಿಗೆ ಇವಳೇ ಕಾರಣವೆಂದು ಉಪಕೀಚಕರು ಅವಳನ್ನು ಹೆಣದೊಡನೆ ಸುಡಲು ಹೊರಡುತ್ತಾರೆ. ರಾಜನ ಒಪ್ಪಿಗೆಯೂ ದೊರೆಯುತ್ತದೆ. ಅವರೂ ಹತರಾದ ಮೇಲೆ, ಇಂಥ ಚೆಲುವೆ ಊರಿನಲ್ಲಿದ್ದರೆ ಊರಿಗೇ ಕೇಡೆಂದು ಹೆದರಿದ ರಾಜ, ಅವಳೇ ಊರು ಬಿಟ್ಟು ಹೋಗಲೆಂದು ರಾಣಿಯ ಮೂಲಕ ಹೇಳಿಸುತ್ತಾನೆ. ಕಳಿಸಿದ ಸುದೇಷ್ಣೆಯನ್ನು ಏಕೆ ಕಳಿಸಿದೆಯೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಕುಮಾರವ್ಯಾಸನ ದ್ರೌಪದಿಯ ರೋಷವನ್ನು ತರಗತಿಗಳಲ್ಲಿ ಮೆಚ್ಚಿ ಬೋಧಿಸುವವರು ವಿರಾಟನ ಈ ನಡೆಯ ಕಡೆಗೂ ಅಷ್ಟೇ ಗಮನ ಹರಿಸಿದ್ದರೆ ಚೆನ್ನಾಗಿತ್ತು.

ಅಪಾಯವಿರುವ ಸ್ಥಳದಿಂದ ಅಪಾಯಕಾರಿಯನ್ನಲ್ಲ, ಹೆಣ್ಣನ್ನು ಹೊರಗೆ ಕಳಿಸುವ ವಿರಾಟನ ಈ ಉಪಾಯವೇ ಆಧುನಿಕ ವಿದ್ಯಾಸಂಸ್ಥೆಗಳಲ್ಲಿ ಸುತ್ತೋಲೆಯ ರೂಪ ತಳೆಯುತ್ತದೆ. ಈ ದೃಷ್ಟಿಯಿಂದ ಕಾಶಿಯ ಜೊತೆಗೆ ಮೈಸೂರನ್ನು ಇಟ್ಟು ನೋಡುವುದು ಉಚಿತ. ಎರಡೂ ವಿಶ್ವವಿದ್ಯಾಲಯಗಳು 1916ರಲ್ಲಿ ಜನ್ಮತಳೆದವು. ಎರಡಕ್ಕೂ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು. 1929ರಲ್ಲಿಯೇ ಮಹಿಳಾ ಮಹಾವಿದ್ಯಾಲಯವನ್ನು ತೆರೆದ ಹಿರಿಮೆ ಕಾಶಿಯದು. ಮೈಸೂರಿನಲ್ಲಿಯೂ ಮಹಾರಾಣಿ ಕಾಲೇಜಿನಂಥ ಪರಂಪರೆಯಿತ್ತು. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಸಂಜೆಯ ವೇಳೆ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ರಾಜ್ಯದ ಅಂದಿನ ಗೃಹಸಚಿವರು ನಿರ್ಜನವಾದ ಆ ಜಾಗಕ್ಕೆ ಆ ಹೊತ್ತಿನಲ್ಲಿ ಹೋಗಬಾರದಿತ್ತೆಂದರು. ಟೀಕೆ ಬಂದಮೇಲೆ ಮಾತನ್ನು ಹಿಂತೆಗೆದುಕೊಂಡರು. ಮಾನಸಗಂಗೋತ್ರಿಯಲ್ಲಿ ಸಂಜೆ 6.30ರ ಬಳಿಕ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂಬ ಸುತ್ತೋಲೆಯೂ ಹೊರಟಿತು. ಅದನ್ನೂ ಟೀಕೆಯ ನಂತರ ಹಿಂದಕ್ಕೆ ಪಡೆಯಲಾಯಿತು. ಸುತ್ತೋಲೆ ಬರೆದವರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ಗ್ರಂಥಾಲಯ, ಪ್ರಯೋಗಾಲಯಗಳು ತೆರೆದಿರುವ ವೇಳೆಯಲ್ಲಿಯೇ ಹೆಣ್ಣುಮಕ್ಕಳಿಗೆ ಅವುಗಳ ದಾರಿ ಮುಚ್ಚಿದರೆ, ಅಪರಾಧ ಮಾಡಿದವರು ದಂಡ ತೆರುವ ಮೊದಲೇ ಅಪರಾಧ ಮಾಡದವರು ಓದಿನ ಗಂಟೆಗಳಲ್ಲಿ ದಂಡ ತೆತ್ತಂತಾಯಿತು.

ಕಾಶಿಯಲ್ಲಿ ಇತಿಹಾಸ ಇನ್ನೊಮ್ಮೆ ಮರುಕಳಿಸಿತು. 2023ರ ನವೆಂಬರ್ 2ರ ನಸುಕಿನಲ್ಲಿ, ಅದೇ ಆವರಣದಲ್ಲಿರುವ ಐಐಟಿಯ ವಿದ್ಯಾರ್ಥಿನಿಯೊಬ್ಬಳನ್ನು ಬೈಕಿನಲ್ಲಿ ಬಂದ ಮೂವರು ಬಂದೂಕು ತೋರಿಸಿ ಬೆದರಿಸಿ ಲೈಂಗಿಕ ಆಕ್ರಮಣ ನಡೆಸಿದರೆಂದು ದೂರು ದಾಖಲಾಯಿತು. ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು. ಬಂಧನವಾದುದು ಡಿಸೆಂಬರ್ ಕೊನೆಯಲ್ಲಿ. ಮುಂದಿನ ವರ್ಷ ಆರೋಪಿಗಳಲ್ಲಿ ಇಬ್ಬರಿಗೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಘಟನೆಯ ಬೆನ್ನಲ್ಲೇ ಮುನ್ನೆಲೆಗೆ ಬಂದ ಪರಿಹಾರಗಳೆಂದರೆ ರಾತ್ರಿಯ ತಡೆಗಂಬಗಳು ಮತ್ತು ಐಐಟಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಗೋಡೆ. ಗೋಡೆಯನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಿರೋಧಿಸಿದರು. ಮಾಳವೀಯರು ಒಂದೇ ವಿಸ್ತಾರವಾದ ಆವರಣವಾಗಿ ಕಂಡ ನೆಲವನ್ನು ತುಂಡರಿಸುವುದು ಅವರಿಗೆ ಸಮ್ಮತವಾಗಲಿಲ್ಲ.

ಬೀದಿಯ ಪ್ರಶ್ನೆ ನ್ಯಾಯಪೀಠವನ್ನೇರಿದಾಗ ಅದರ ಸ್ವರೂಪ ಬದಲಾಗುತ್ತದೆ, ಅದು ಸಾಕ್ಷ್ಯವಾಗುತ್ತದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 155ನೆಯ ಪ್ರಕರಣದ ಒಂದು ಉಪಬಂಧ, ಅತ್ಯಾಚಾರದ ಮೊಕದ್ದಮೆಯಲ್ಲಿ ದೂರುದಾರಳು ಸಾಮಾನ್ಯವಾಗಿ ಅನೈತಿಕ ನಡತೆಯವಳೆಂದು ತೋರಿಸಿ ಆಕೆಯ ಮಾತಿನ ವಿಶ್ವಾಸಾರ್ಹತೆಯನ್ನು ಅಲುಗಿಸಲು ಅವಕಾಶ ಕೊಟ್ಟಿತ್ತು. ಅದು ಶಾಸನಪುಸ್ತಕದಿಂದ ಅಳಿದುದು 2002ರ ತಿದ್ದುಪಡಿ ಕಾಯಿದೆಯಿಂದ. ಅಂದರೆ 130 ವರ್ಷಗಳ ಕಾಲ ಹೆಣ್ಣಿನ ನಡತೆ ಗಂಡಿನ ಅಪರಾಧಕ್ಕೆ ಕಾನೂನುಸಮ್ಮತವಾದ ಉತ್ತರವಾಗಿತ್ತು. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸು ಠಾಣೆಯಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಆರೋಪದಲ್ಲಿ ಇಬ್ಬರು ಪೊಲೀಸರನ್ನು ಸರ್ವೋಚ್ಚ ನ್ಯಾಯಾಲಯ ಖುಲಾಸೆ ಮಾಡಿತು. ಮೈಮೇಲೆ ಗಾಯಗಳಿಲ್ಲದಿರುವುದು ಪ್ರತಿರೋಧ ಇಲ್ಲದಿದ್ದುದರ ಗುರುತೆಂದು ಅದು ಭಾವಿಸಿತು. ಕಾನೂನು ವರದಿಗಳಲ್ಲಿ ಆರೋಪಿಯೊಬ್ಬನ ಹೆಸರಿನಲ್ಲಿರುವ ಈ ಪ್ರಕರಣ ಜನರ ಬಾಯಲ್ಲಿ ಮಾತ್ರ ಆ ಹುಡುಗಿಯ ಹೆಸರಿನಿಂದಲೇ ಪ್ರಸಿದ್ಧ! 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರ, ಅದರಿಂದ ಹೊತ್ತಿಕೊಂಡ ಚಳವಳಿ, 1983ರ ತಿದ್ದುಪಡಿ—ಇವು ಭಾರತದ ಸ್ತ್ರೀ ಚಳವಳಿಯ ಇತಿಹಾಸದಲ್ಲಿ ಮೈಲಿಗಲ್ಲುಗಳು. ಅಧೀನಕ್ಕೆ ಮಣಿಯುವುದೂ ಸಮ್ಮತಿಸುವುದೂ ಒಂದೇ ಅಲ್ಲವೆಂಬುದು ಆ ಪತ್ರದ ತಿರುಳು. 1996ರಲ್ಲಿ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ದೂರುದಾರಳ ಶೀಲದ ಬಗ್ಗೆ ಟೀಕೆ ಮಾಡದಂತೆ ಕೆಳಗಿನ ನ್ಯಾಯಾಲಯಗಳನ್ನು ಎಚ್ಚರಿಸಿತು. 2013ರಲ್ಲಿ ಎರಡು ಬೆರಳಿನ ಪರೀಕ್ಷೆ ಹೆಣ್ಣಿನ ಘನತೆಗೆ ವಿರುದ್ಧವೆಂದು ಸಾರಿತು, 2022ರಲ್ಲಿ ಅದನ್ನು ಇನ್ನಷ್ಟು ಕಟುವಾಗಿ ಮತ್ತೆ ಹೇಳಬೇಕಾಯಿತು.

ಕಾನೂನು ಬದಲಾದ ವೇಗದಲ್ಲಿ ವಾಕ್ಯ ಬದಲಾಗಲಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಒಂದು ಜಾಮೀನು ಆದೇಶ, ದೂರುದಾರಳು ರಾತ್ರಿ 11 ಗಂಟೆಗೆ ಕಚೇರಿಗೆ ಏಕೆ ಹೋಗಿದ್ದಳೆಂಬುದಕ್ಕೆ ವಿವರಣೆ ಇಲ್ಲವೆಂದಿತು. ಕೃತ್ಯದ ಬಳಿಕ ದಣಿದು ನಿದ್ರೆಹೋದೆನೆಂಬ ಆಕೆಯ ಮಾತು ಭಾರತೀಯ ಸ್ತ್ರೀಗೆ ತಕ್ಕುದಲ್ಲವೆಂದೂ ಹೇಳಿತು. ಕೆಲವೇ ದಿನಗಳಲ್ಲಿ, ಜುಲೈ ಮೊದಲ ವಾರದಲ್ಲಿ, ನಿದ್ರೆಯ ಕುರಿತ ಆ ಮಾತುಗಳನ್ನು ಆದೇಶದಿಂದ ತೆಗೆದುಹಾಕಲಾಯಿತು. ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚ್‌ನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಇಂಥ ರೂಢಮೂಲ ಕಲ್ಪನೆಗಳನ್ನು ತೀರ್ಪುಗಳಲ್ಲಿ ತರಬಾರದೆಂದು ವಿಧಿಸಿತು. 2023ರಲ್ಲಿ ಲಿಂಗಸಂಬಂಧಿ ಪೂರ್ವಗ್ರಹಗಳ ಬಗ್ಗೆ ಕೈಪಿಡಿಯನ್ನೇ ಹೊರತಂದಿತು. ಆದರೂ ವಾರಾಣಸಿಯನ್ನು ತನ್ನ ವ್ಯಾಪ್ತಿಯಲ್ಲಿರಿಸಿಕೊಂಡಿರುವ ಅಲಹಾಬಾದ್ ಉಚ್ಚ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ, ಬೇರೊಂದು ಊರಿನ ಪ್ರಕರಣದಲ್ಲಿ, ವಿದ್ಯಾರ್ಥಿನಿಯೇ ತೊಂದರೆಯನ್ನು ಆಹ್ವಾನಿಸಿಕೊಂಡಳೆಂಬರ್ಥದ ಮಾತನ್ನು ಜಾಮೀನು ಆದೇಶದಲ್ಲಿ ಬರೆಯಿತು. ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಆಕ್ಷೇಪ ವ್ಯಕ್ತಪಡಿಸಿತು.

ಇಷ್ಟು ಹಟದಿಂದ ಈ ಪ್ರಶ್ನೆ ಬದುಕುಳಿದಿರುವುದಕ್ಕೆ ಕಾರಣವಿರಲೇಬೇಕು. ಪುರುಷಪ್ರಾಧಾನ್ಯ ಎಂಬ ಒಂದೇ ಪದದಿಂದ ಎಲ್ಲವನ್ನೂ ವಿವರಿಸಿ ಮುಗಿಸುವುದು ವಿಮರ್ಶೆಯ ಸೋಮಾರಿತನ. ಈ ಪ್ರಶ್ನೆಯನ್ನು ಹೆಂಗಸರೂ ಕೇಳುತ್ತಾರೆ, ಕೆಲವೊಮ್ಮೆ ಗಂಡಸರಿಗಿಂತ ಕಟುವಾಗಿ ಕೇಳುತ್ತಾರೆ. ಅಮೆರಿಕದ ಮನೋವಿಜ್ಞಾನಿ ಮೆಲ್ವಿನ್ ಲರ್ನರ್ 1966ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯುಕ್ತ. ಯುವತಿಯೊಬ್ಬಳು ವಿದ್ಯುದಾಘಾತ ಅನುಭವಿಸುತ್ತಿರುವಂತೆ ತೋರಿಸಿದಾಗ, ಅವಳ ನೋವನ್ನು ನಿಲ್ಲಿಸಲು ತಮ್ಮಿಂದಾಗದೆಂದು ತಿಳಿದ ಪ್ರೇಕ್ಷಕರು ಕ್ರಮೇಣ ಅವಳನ್ನೇ ಕೀಳಾಗಿ ಕಾಣತೊಡಗಿದರು. ಲೋಕ ನ್ಯಾಯಬದ್ಧವಾಗಿದೆ, ತಪ್ಪು ಮಾಡದವರಿಗೆ ಕೇಡಾಗದು ಎಂಬ ನಂಬಿಕೆಯನ್ನು ಉಳಿಸಿಕೊಳ್ಳಲು ಮನಸ್ಸು ತೆರುವ ಬೆಲೆ ಇದು. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯ ನಾಡಿನಲ್ಲಿ ಈ ಸಿದ್ಧಾಂತಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ. ಅವಳು ಏನೋ ತಪ್ಪು ಮಾಡಿದಳು, ನನ್ನ ಮಗಳು ಆ ತಪ್ಪು ಮಾಡುವುದಿಲ್ಲ, ಆದ್ದರಿಂದ ನನ್ನ ಮಗಳು ಕ್ಷೇಮ—ದೂಷಣೆಯ ಒಳಗೆ ಅಡಗಿರುವ ಸಮಾಧಾನ ಇಷ್ಟೇ. ಆದರೆ ಆ ಸಮಾಧಾನ ಹುಸಿ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಅವಳಿಗೆ ಪರಿಚಿತನೇ ಆಗಿರುತ್ತಾನೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವಾರ್ಷಿಕ ವರದಿಗಳು ತೋರಿಸುತ್ತ ಬಂದಿವೆ: ಬಂಧು, ನೆರೆಯವನು, ಸ್ನೇಹಿತ, ಮಾಲೀಕ. ಕತ್ತಲು, ನಿರ್ಜನ ಬೀದಿ, ಅಪರಿಚಿತ ಎಂಬ ಮೂರು ಪಾತ್ರಗಳ ಪರಿಚಿತ ನಾಟಕಕ್ಕೆ ಬಹುಪಾಲು ಪ್ರಕರಣಗಳು ಹೊಂದುವುದೇ ಇಲ್ಲ.

ತಾಯಿಯ ಮಾತನ್ನು ಇಲ್ಲಿ ಪ್ರತ್ಯೇಕವಾಗಿ ನೋಡಬೇಕು. ‘ಕತ್ತಲಾದ ಮೇಲೆ ಹೋಗಬೇಡ ಮಗಳೇ’ ಎಂದು ತಾಯಿ ಹೇಳುತ್ತಾಳೆ. ಲೋಕದ ಕ್ರೌರ್ಯವನ್ನು ಬಲ್ಲವಳ ಎಚ್ಚರಿಕೆ ಅದು, ಪ್ರೀತಿ ಅದು. ಅದೇ ತಾಯಿ ಅವಘಡವಾದ ಮೇಲೆ ‘ಏಕೆ ಹೋದೆ?’ ಎನ್ನುತ್ತಾಳೆ. ಎರಡು ವಾಕ್ಯಗಳಿಗೂ ಧಾತು ಒಂದೇ. ಮೊದಲನೆಯದು ನಿಷೇಧ, ಇನ್ನೂ ಆಗದುದನ್ನು ಕುರಿತದ್ದು. ಎರಡನೆಯದು ಭೂತಕಾಲದ್ದು, ತಿದ್ದಲಾಗದುದನ್ನು ಕುರಿತದ್ದು. ಕಾಲ ಬದಲಾದ ಮಾತ್ರಕ್ಕೆ ಪ್ರೀತಿಯ ವಾಕ್ಯ ತೀರ್ಪಿನ ವಾಕ್ಯವಾಗುತ್ತದೆ, ತಾಯಿಗೆ ಅದರ ಅರಿವೂ ಆಗದ ಹಾಗೆ. ಸಂಸ್ಥೆಗಳು ತಮ್ಮ ಹೊಣೆಗೇಡಿತನವನ್ನು ಮುಚ್ಚಲು ಬಳಸುವುದು ಈ ತಾಯಿಯ ದನಿಯನ್ನೇ. ತಾಯಿಗೆ ಬೀದಿದೀಪ ಹಾಕಿಸುವ ಅಧಿಕಾರವಿಲ್ಲ. ಕಾವಲುಗಾರರಿಗೆ ಸಂಬಳ ಕೊಡುವವಳು ಅವಳಲ್ಲ. ವಿಶ್ವವಿದ್ಯಾಲಯಕ್ಕೆ ಇವೆರಡೂ ಇವೆ. ಆದ್ದರಿಂದ ಅದೇ ಮಾತು ಅಲ್ಲಿ ಬೇರೆಯೇ ಆಗುತ್ತದೆ.

ಕನ್ನಡ ಓದುಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಈ ಪ್ರಶ್ನೆಗೆ ಆಶ್ರಯ ಕೊಟ್ಟಿರುವ ಶಬ್ದಗಳನ್ನು ಪರಿಶೀಲಿಸಬೇಕು. ಕಾಶಿಯ ‘ಛೇಡ್‌ಖಾನಿ’ಗೆ ಕನ್ನಡದಲ್ಲಿ ‘ಚುಡಾಯಿಸುವುದು’ ಇದೆ. ಎರಡೂ ಅಪರಾಧವನ್ನು ಕೀಟಲೆಯ ಅಳತೆಗೆ ಇಳಿಸುತ್ತವೆ. ‘ಮಾನಭಂಗ’ದಲ್ಲಿ ಭಂಗಗೊಳ್ಳುವುದು ಯಾರ ಮಾನ? ಬಳಕೆಯಲ್ಲಿ ಅದು ಅವಳದು, ಅವಳ ಮೂಲಕ ಮನೆತನದ್ದು. ಮುರಿದವನ ಮಾನದ ಪ್ರಸ್ತಾಪವೇ ಅಲ್ಲಿಲ್ಲ. ‘ಶೀಲಭಂಗ’ ಇನ್ನೂ ವಿಚಾರಾರ್ಹ. ಬೌದ್ಧ, ಜೈನ, ವೀರಶೈವ ಪರಂಪರೆಗಳಲ್ಲಿ ಶೀಲವೆಂದರೆ ವ್ಯಕ್ತಿ ತಾನೇ ಕೈಕೊಂಡು ಪಾಲಿಸುವ ನಡತೆ, ವ್ರತ. ಗಂಡಿಗೂ ಹೆಣ್ಣಿಗೂ ಸಮಾನವಾದದ್ದು. ತನ್ನ ಶೀಲವನ್ನು ಮುರಿಯಬಲ್ಲವನು ತಾನೊಬ್ಬನೇ. ಈ ಅರ್ಥದಲ್ಲಿ ನೋಡಿದರೆ ಬಲಾತ್ಕಾರದಲ್ಲಿ ಶೀಲ ಕಳೆದುಕೊಳ್ಳುವವನು ಬಲಾತ್ಕರಿಸಿದವನೇ. ರೂಢಿ ಅದನ್ನು ತಲೆಕೆಳಗು ಮಾಡಿ, ಶೀಲವನ್ನು ಹೆಣ್ಣಿನ ದೇಹದಲ್ಲಿಟ್ಟ ಗಾಜಿನ ಪಾತ್ರೆಯಾಗಿಸಿತು. ‘ಕೆಡಿಸು’ ಎಂಬ ಸಕರ್ಮಕ ಕ್ರಿಯಾಪದ ಗ್ರಾಮೀಣ ಬಳಕೆಯಲ್ಲಿ ಬಹುಬೇಗ ‘ಕೆಡು’ ಎಂಬ ಅಕರ್ಮಕವಾಗುತ್ತದೆ: ‘ಅವನು ಅವಳನ್ನು ಕೆಡಿಸಿದ’ ಎಂಬ ವಾಕ್ಯದ ಕರ್ತೃ ಉದುರಿಹೋಗಿ ‘ಅವಳು ಕೆಟ್ಟಳು’ ಎಂಬುದು ಉಳಿಯುತ್ತದೆ, ಹಾಲು ತಾನಾಗಿಯೇ ಕೆಟ್ಟಂತೆ. ಮುಳ್ಳು ಸೀರೆಯ ಮೇಲೆ ಬಿದ್ದರೂ ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೀರೆಯೇ ಎಂಬ ಗಾದೆಯನ್ನು ವಿವೇಕದ ಮಾತೆಂದು ಉದ್ಧರಿಸುವವರಿದ್ದಾರೆ. ಗಂಡಸು ಅಲ್ಲಿ ಮುಳ್ಳು. ಮುಳ್ಳಿಗೆ ಇಚ್ಛೆಯಿಲ್ಲ, ಆಯ್ಕೆಯಿಲ್ಲ, ಆದ್ದರಿಂದ ಅಪರಾಧವೂ ಇಲ್ಲ. ಆ ಗಾದೆ ಹೆಣ್ಣಿಗಿಂತ ಹೆಚ್ಚಾಗಿ ಗಂಡನ್ನೇ ಹೀನಾಯಗೊಳಿಸುತ್ತದೆಂಬುದು ಅದನ್ನು ಆಡುವ ಗಂಡಸರಿಗೆ ಹೊಳೆದಂತಿಲ್ಲ.

‘ಅತ್ಯಾಚಾರ’ ಎಂಬ ಪದ ತನ್ನಷ್ಟಕ್ಕೆ ಇವುಗಳಿಗಿಂತ ಮೇಲು. ಮೇರೆ ಮೀರಿದ ಆಚಾರ ಮಾಡಿದವನದು. ಪದದ ದೃಷ್ಟಿ ಅವನ ಮೇಲಿದೆ. ಆದರೆ ಅದು ವಾಕ್ಯದಲ್ಲಿ ಕೂಡುವ ಬಗೆ ಬೇರೆ. ಕನ್ನಡದ ಪೂರ್ಣಕ್ರಿಯಾಪದ ಕರ್ತೃವಿನ ಲಿಂಗವಚನಗಳನ್ನು ಪ್ರತ್ಯಯದಲ್ಲಿಯೇ ಹೊತ್ತಿರುತ್ತದೆ. ‘ಎಸಗಿದನು’ ಎಂದೊಡನೆ, ಬೇರೆ ಪದವಿಲ್ಲದೆಯೂ, ಒಬ್ಬ ಗಂಡಸು ವಾಕ್ಯದಲ್ಲಿ ಬಂದು ನಿಲ್ಲುತ್ತಾನೆ. ಅವನನ್ನು ಮರೆಮಾಡಲು ಕನ್ನಡದಲ್ಲಿರುವ ದಾರಿಗಳಲ್ಲಿ ಎರಡನ್ನು ಇಲ್ಲಿ ನೋಡಬಹುದು. ‘ಅತ್ಯಾಚಾರಕ್ಕೊಳಗಾದಳು’ ಎಂದು ಕ್ರಿಯೆಯನ್ನೂ ಅವಳಿಗೇ ಅಂಟಿಸುವುದು ಒಂದು. ಕ್ರಿಯಾಪದವನ್ನೇ ಕೈಬಿಡುವುದು ಇನ್ನೊಂದು. ‘ಯುವತಿಯ ಮೇಲೆ ಅತ್ಯಾಚಾರ’ ಎಂದು ದಿನಪತ್ರಿಕೆಗಳ ತಲೆಬರಹಗಳಲ್ಲಿ ಬರುವ ಸಾಲಿನಲ್ಲಿ ಕ್ರಿಯಾಪದವಿಲ್ಲ, ಕರ್ತೃವಿಲ್ಲ, ಇರುವವಳು ಯುವತಿಯೊಬ್ಬಳೇ. ಅದನ್ನು ಓದಿದವನು ಮುಂದಿನ ಪ್ರಶ್ನೆಯನ್ನು ಬೇರೆ ಯಾರನ್ನು ಕುರಿತು ಕೇಳಿಯಾನು?